ವ್ರತ ಹುಳಕ್ಕಿಲ್ಲ

ಕಾರ್ತಿಕ ಶುದ್ಧ ನವಮಿಯ ಸಂಜೆ. ಚಿಪ್ಪಗಿರಿಯಲ್ಲಿ ನಾನು ಇಳಿದುಕೊಂಡಿದ್ದ ಮನೆಯ ಹಿತ್ತಲಿನಲ್ಲಿ ಅಜ್ಜಿಯೊಬ್ಬರು ಬದನೆಕಾಯಿ ಕೀಳುತ್ತಿದ್ದರು. ಮಾರನೆಯ ದಿನ ಹರಿದಾಸ ವಿಜಯದಾಸರ ಆರಾಧನೆ. ಆ ಮನೆಯಲ್ಲಿ ತಿಂಗಳಿಂದ ದ್ವಿದಳ ವ್ರತ. ಬೇಳೆ ಇಲ್ಲ, ಕಾಳಿಲ್ಲ, ಹೊಟ್ಟೆಯೊಳಗೆ ಬೀಜ ತುಂಬಿಕೊಂಡ ಬದನೆಯಂಥ ತರಕಾರಿಯೂ ಇಲ್ಲ. ಹಾಗಾದರೆ ಈ ಬುಟ್ಟಿ ಯಾರಿಗೆ ಎಂದು ಕೇಳಿದೆ.

‘ಹಿಂದಿನ ಮನಿಯವರಿಗೆ. ಅವರಿಗೆ ವ್ರತ ಇಲ್ಲ’ ಎಂದರು. ಒಂದು ಕಾಯನ್ನು ತಿರುಗಿಸಿ, ತೊಟ್ಟಿನ ಬುಡ ನೋಡಿ, ಅದನ್ನು ಬೇರೆ ಡಬ್ಬಿಗೆ ಹಾಕಿದರು. ‘ಗಿಡದ ಮ್ಯಾಲೆ ಬಿಟ್ರ ಯಾರಿಗೂ ಸಿಗಂಗಿಲ್ಲ. ವ್ರತ ನಮಗದ. ಹುಳಕ್ಕ ಎಲ್ಲಿ ವ್ರತ?’

ಕೈತೋಟದ ಬಗ್ಗೆ ನಾನು ಓದಿರುವ ಪುಸ್ತಕಗಳೆಲ್ಲ ಹುಳು ಬಂದರೆ ಏನು ಸಿಂಪಡಿಸಬೇಕು ಎಂಬಲ್ಲಿಂದ ಶುರುವಾಗುತ್ತವೆ. ಈ ಅಜ್ಜಿ ಶುರುಮಾಡಿದ್ದು ಇವತ್ತು ಏನು ಕೀಳಬೇಕು ಎಂಬಲ್ಲಿಂದ. ಎರಡು ದಿನ ಅವರ ಹಿಂದೆ ಮುಂದೆ ಓಡಾಡಿದ ಮೇಲೆ ನನಗೆ ಅನ್ನಿಸಿದ್ದಿಷ್ಟು: ಮನೆ ಹಿತ್ತಲಿಗೆ ಮೊದಲ ಕೀಟನಾಶಕ ಅಡುಗೆಯವಳ ಕೈ. ಬೇವು, ಬೂದಿ, ಮಜ್ಜಿಗೆಗಳ ಸರದಿ ಆಮೇಲಿನದು.

ಗುಂತಕಲ್ಲಿನಲ್ಲಿ ರೈಲಿಳಿದು ಚಿಪ್ಪಗಿರಿಯ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಫಲಕಗಳೆಲ್ಲ ತೆಲುಗು. ಊರು ಈಗ ಕರ್ನೂಲು ಜಿಲ್ಲೆಯದು. ಆದರೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೂ ಆಲೂರು ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಂದು ಆದವಾನಿ, ಆಲೂರು, ರಾಯದುರ್ಗ ಮೂರೂ ಆಂಧ್ರಕ್ಕೆ ಹೋದವು. ನಕ್ಷೆಯ ಗೆರೆ ಬದಲಾಯಿತು, ಒಲೆಯ ಮೇಲಿನದು ಅಷ್ಟು ಬೇಗ ಬದಲಾಗಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಹಾಗೇ ಉಳಿದವು. ನಾವು ಮಂಡಕ್ಕಿ ಒಗ್ಗರಣೆ ಎನ್ನುವುದಕ್ಕೆ ಅಲ್ಲಿ ಉಗ್ಗಾನಿ ಎನ್ನುತ್ತಾರೆ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇರಲೇಬೇಕು.

ಹುಳುವಿನ ಹೆಸರುಗಳಲ್ಲೂ ಈ ನಂಟಿದೆ. ಅಲಸಂದಿ ಕುಡಿಗೆ ಮುತ್ತುವ ಸಸ್ಯಹೇನನ್ನು ತೆಲುಗಿನಲ್ಲಿ ಪೇನುಬಂಕ ಎನ್ನುತ್ತಾರೆ. ಪೇನು ಎಂದರೆ ಹೇನು, ಬಂಕ ಎಂದರೆ ಅಂಟು. ನಮ್ಮ ಹಿಟ್ಟು ತಿಗಣೆ ಅಲ್ಲಿ ಪಿಂಡಿನಲ್ಲಿ. ಪದಕ್ಕೆ ಪದ ಒಂದೇ.

ವಿಜಯದಾಸರು ಹುಟ್ಟಿದ್ದು ರಾಯಚೂರು ಸೀಮೆಯ ಚೀಕಲಪರ್ವಿಯಲ್ಲಿ, ದೇಹ ಬಿಟ್ಟದ್ದು 1755ರಲ್ಲಿ ಈ ಚಿಪ್ಪಗಿರಿಯಲ್ಲಿ. ಆ ತಿಥಿ ಕಾರ್ತಿಕ ಶುದ್ಧ ದಶಮಿ. ಅಡುಗೆಯ ಕಣ್ಣಿನಿಂದ ನೋಡಿದರೆ ಇದು ಬಹಳ ಇಕ್ಕಟ್ಟಿನ ದಿನ. ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಆಷಾಢದಲ್ಲಿ ಹಿಡಿಯುವ ಮೊದಲನೆಯದು ಶಾಕ ವ್ರತ, ಅದರಲ್ಲಿ ಸೊಪ್ಪು ತರಕಾರಿ ಬಿಡಬೇಕು. ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು ವರ್ಜ್ಯ. ನಾಲ್ಕನೆಯದು ದ್ವಿದಳ. ಆರಾಧನೆ ಬರುವುದು ಈ ನಾಲ್ಕನೆಯ ತಿಂಗಳ ಕೊನೆಯ ಅಂಚಿನಲ್ಲಿ. ಮರುದಿನ ಏಕಾದಶಿ, ನಿರಾಹಾರ. ಅದರ ಮರುದಿನ ಉತ್ಥಾನ ದ್ವಾದಶಿ, ತುಳಸಿ ಪೂಜೆ. ಹೀಗಾಗಿ ಆರಾಧನೆಯಂದು ವ್ರತಸ್ಥರ ಎಲೆಗೆ ತೊಗರಿಬೇಳೆಯ ಹುಳಿ ಬೀಳುವುದಿಲ್ಲ. ಯಾವ ತರಕಾರಿ ನಡೆಯುತ್ತದೆ, ಯಾವುದು ಇಲ್ಲ ಎಂಬ ಪಟ್ಟಿ ಮನೆಯಿಂದ ಮನೆಗೆ ಬೇರೆ, ಅದರ ಮೇಲೆ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಬೇಳೆಯಿಲ್ಲದೆ ಸಾರು ಗಟ್ಟಿಯಾಗಬೇಕೆಂದರೆ ತೆಂಗಿನಕಾಯಿ ಜತೆ ನೆನೆಸಿದ ಅಕ್ಕಿ ರುಬ್ಬಿ ಹಾಕಬೇಕು, ಇಷ್ಟಂತೂ ಎಲ್ಲರಿಗೂ ಗೊತ್ತು.

ಮಳೆಗಾಲದಲ್ಲಿ ಸೊಪ್ಪಿಗೆ ಹುಳು ಹೆಚ್ಚು, ಅದಕ್ಕೇ ಹಿರಿಯರು ಶಾಕ ವ್ರತ ಇಟ್ಟರು ಎಂದು ಹೇಳುವವರು ಪ್ರತಿ ಊರಲ್ಲೂ ಸಿಗುತ್ತಾರೆ. ನನಗೆ ಈ ವಿವರಣೆಯಲ್ಲಿ ಅಷ್ಟು ನಂಬಿಕೆಯಿಲ್ಲ. ಅದೇ ಊರಿನ ಹೊಲಗೇರಿಯ ಮನೆಗಳಲ್ಲಿ, ಕುರುಬರ, ಬೋಯರ ಮನೆಗಳಲ್ಲಿ ಆಷಾಢ ಶ್ರಾವಣವೆಂದರೆ ಸೊಪ್ಪಿನ ಸುಗ್ಗಿ. ಪುಂಡಿ, ರಾಜಗಿರಿ, ಹೊನಗೊನೆ, ಚುಕ್ಕಿ ಎಲ್ಲ ತಿಂದು ಗಟ್ಟಿಮುಟ್ಟಾಗಿದ್ದಾರೆ. ವ್ರತ ಸಂಯಮಕ್ಕೆ ಇಟ್ಟದ್ದು, ಕೃಷಿ ಇಲಾಖೆಯ ಸುತ್ತೋಲೆಯಲ್ಲ. ಆದರೂ ಅದರ ಒಂದು ಪರಿಣಾಮ ಹಿತ್ತಲಿನಲ್ಲಿ ಕಾಣುತ್ತದೆ. ಕೈ ನಿಂತರೆ ಹುಳು ಬೆಳೆಯುತ್ತದೆ. ಅಜ್ಜಿ ವ್ರತದಲ್ಲಿದ್ದೂ ದಿನಾ ಬದನೆ ಕಿತ್ತು ಹಿಂದಿನ ಮನೆಗೆ ದಾಟಿಸುವುದು ಅದಕ್ಕೇ. ಹಿಂದಿನ ಮನೆಯಿಂದ ಬದಲಿಗೆ ಸುವರ್ಣಗಡ್ಡೆ ಬಂದಿತ್ತು.

ಬದನೆಯ ಕೊರಕ ಹುಳುವಿನ ನಡೆ ತಿಳಿದವರಿಗೆ ಈ ದಿನದ ಕೊಯ್ಲಿನ ಬೆಲೆ ಗೊತ್ತು. ತಾಯಿ ಚಿಟ್ಟೆ ಬೆಳ್ಳಗಿರುತ್ತದೆ, ರೆಕ್ಕೆಯ ಮೇಲೆ ಕಂದು ಮಚ್ಚೆ. ರಾತ್ರಿ ಬಂದು ಎಲೆಯಡಿಗೆ, ಕುಡಿಗೆ, ಕಾಯಿಯ ತೊಟ್ಟಿಗೆ ಮೊಟ್ಟೆಯಿಟ್ಟು ಹೋಗುತ್ತದೆ. ಹುಟ್ಟಿದ ಮರಿ ಮೊದಲು ಎಳೆ ಕುಡಿಯೊಳಗೆ ನುಗ್ಗುತ್ತದೆ. ಮರುದಿನ ಕುಡಿ ಬಾಡಿ ಜೋತುಬೀಳುತ್ತದೆ, ನೀರು ಸಾಲದೆ ಬಾಡಿತೆಂದು ನಾವು ಇನ್ನೊಂದು ಚೊಂಬು ಹೊಯ್ಯುತ್ತೇವೆ. ಕಾಯಿ ಬಂದ ಮೇಲೆ ಅದರ ದಾರಿ ತೊಟ್ಟಿನ ಮುಚ್ಚಳದ ಅಡಿಯಿಂದ. ಒಳಹೊಕ್ಕು ತನ್ನ ಹಿಕ್ಕೆಯಿಂದಲೇ ತೂತು ಮುಚ್ಚಿಕೊಂಡುಬಿಟ್ಟರೆ ಮೇಲೆ ಏನು ಹೊಡೆದರೂ ಅದಕ್ಕೆ ತಾಗದು. ಬೇವೂ ಅಷ್ಟೇ, ಅಂಗಡಿಯ ವಿಷವೂ ಅಷ್ಟೇ. ಬೆಳೆದ ಹುಳು ತೂತು ಕೊರೆದು ಹೊರಬಂದು ಕೆಳಗಿನ ಕಸದಲ್ಲಿ ಗೂಡು ಕಟ್ಟಿಕೊಂಡು ಮತ್ತೆ ಚಿಟ್ಟೆಯಾಗುತ್ತದೆ. ಈ ಸುತ್ತು ಮುರಿಯಲು ಉಳಿದಿರುವುದು ಎರಡೇ ಕಡೆ. ಬಾಡಿದ ಕುಡಿಯನ್ನು ಎರಡು ಬೆರಳು ಕೆಳಗೆ ಚಿವುಟಿ ಹೊಸಕುವುದು ಒಂದು. ತೂತು ಬಿದ್ದ ಕಾಯಿಯನ್ನು ಆ ದಿನವೇ ಕಿತ್ತು ನಾಶಮಾಡುವುದು ಇನ್ನೊಂದು. ಅಜ್ಜಿ ಬೇರೆ ಡಬ್ಬಿಗೆ ಹಾಕಿದ ಕಾಯಿಗಳು ರಾತ್ರಿ ಎಮ್ಮೆಯ ಮುಸುರೆಯಲ್ಲಿ ಬೆಂದವು. ತಿಪ್ಪೆಗೆ ಎಸೆದರೆ ಹುಳುವಿಗೆ ಮನೆ ಕಟ್ಟಿಕೊಟ್ಟಂತೆ.

ಎಣ್ಣೆಗಾಯಿಗೆ ಬದನೆಯನ್ನು ಸೀಳುವ ರೀತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ತೊಟ್ಟು ಬಿಡಿಸದೆ ಕೆಳಗಿನಿಂದ ಅಡ್ಡಲಾಗಿ ಒಂದು ಸೀಳು, ಉದ್ದಕ್ಕೆ ಒಂದು ಸೀಳು. ಕಾಯಿ ಹೂವಿನಂತೆ ಬಿಚ್ಚಿಕೊಳ್ಳುತ್ತದೆ, ನಾಲ್ಕೂ ಎಸಳಿನ ಒಳಮೈ ಕಣ್ಣಿಗೆ ಬೀಳುತ್ತದೆ. ಹುಳು ಅಡಗಲು ಜಾಗವಿಲ್ಲ. ಮಸಾಲೆ ತುಂಬಲು ಹೀಗೆ ಸೀಳುತ್ತೇವೆ ಎಂದುಕೊಂಡಿದ್ದೆ. ಉಪ್ಪುನೀರಿನ ಬೋಗುಣಿಗೆ ಬಿಡುವ ಮುಂಚೆ ಬೆಳಕಿಗೆ ಹಿಡಿದು ನೋಡುವ ಹೆಂಗಸರನ್ನು ಕಂಡ ಮೇಲೆ, ಆ ಸೀಳು ತಪಾಸಣೆಯೂ ಹೌದು ಎನ್ನಿಸಿತು.

ಇದೇ ಹುಳುವಿಗಾಗಿ ದೇಶದಲ್ಲಿ ದೊಡ್ಡ ಗದ್ದಲವೇ ನಡೆದುಹೋಯಿತು. ಕುಲಾಂತರಿ ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿ ಬೆಳೆಯುತ್ತಿದೆ. ನಮ್ಮಲ್ಲಿ ಆಗ ಹೆಚ್ಚು ಕೇಳಿಬಂದ ಹೆಸರು ಉಡುಪಿಯ ಮಟ್ಟುಗುಳ್ಳ. ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆಯ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೊಲಕ್ಕೆ ಬಿಟಿ ಬೇಕೋ ಬೇಡವೋ ಎಂಬ ಚರ್ಚೆ ಮುಗಿದಿಲ್ಲ. ಐದು ಗಿಡದ ಹಿತ್ತಲಿಗೆ ಮಾತ್ರ ಆ ಪ್ರಶ್ನೆಯೇ ಏಳುವುದಿಲ್ಲ, ಎರಡು ಬೆರಳು ಸಾಕು.

ಅಲಸಂದಿ ಬಳ್ಳಿಯ ಕಥೆ ಬೇರೆ. ಅದರ ಕುಡಿಗೆ ಕರಿ ಹೇನು ದಟ್ಟವಾಗಿ ಮುತ್ತಿತ್ತು, ಕೆಳಗಿನಿಂದ ಇರುವೆಗಳ ಸಾಲು. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಹಸು ಸಾಕಿದಂತೆ ಸಾಕುತ್ತದೆ, ಶತ್ರುಗಳನ್ನು ಓಡಿಸುತ್ತದೆ. ಆ ಶತ್ರುಗಳಲ್ಲಿ ಮುಖ್ಯವಾದದ್ದು ಗುಲಗಂಜಿ ಹುಳು. ಕೆಂಪು ಬೆನ್ನಿನ ಮೇಲೆ ಕರಿಚುಕ್ಕೆಯ ಈ ಹುಳುವನ್ನು ಮಕ್ಕಳೂ ಮುದ್ದು ಮಾಡುತ್ತಾರೆ. ಅದರ ಮರಿಯನ್ನು ಮಾತ್ರ ಯಾರೂ ಗುರುತಿಸುವುದಿಲ್ಲ. ಅದು ಚಿಕ್ಕ ಮೊಸಳೆಯಂತೆ ಕಪ್ಪಗೆ, ಮುಳ್ಳುಮುಳ್ಳಾಗಿರುತ್ತದೆ. ಹೇನು ತಿನ್ನುವ ಹಸಿವು ಅಪ್ಪ ಅಮ್ಮನಿಗೆ ಇರುವಷ್ಟೇ ಅದಕ್ಕೂ ಇದೆ. ನಾನೇ ಎಷ್ಟು ಹೊಸಕಿದ್ದೇನೋ! ಅಜ್ಜಿ ಹೇನು ಮುತ್ತಿದ ಕುಡಿಗಳನ್ನು ಚಿವುಟಿ ನೀರಿಗೆ ಹಾಕಿದರು, ಮೊಸಳೆಮರಿ ಇದ್ದ ಎರಡು ಕುಡಿಗಳನ್ನು ಬಿಟ್ಟರು. ಉಳಿದ ಎಲೆಗಳ ಮೇಲೆ ಬೆಳಗಿನ ಇಬ್ಬನಿ ಆರುವ ಮುನ್ನ ಜರಡಿ ಹಿಡಿದ ಒಲೆಬೂದಿ ಉದುರಿಸಿದರು. ಕುಡಿ ಚಿವುಟಿದ ಅಲಸಂದಿ ಪಕ್ಕಕ್ಕೆ ಕವಲೊಡೆಯುತ್ತದೆ, ಕಾಯಿಯೂ ಹೆಚ್ಚುತ್ತದೆ.

ಹೀರೆ ಎಲೆಯ ಮೇಲಿನ ಬೂದಿರೋಗಕ್ಕೆ ಹುಳಿ ಮಜ್ಜಿಗೆ. ನಾಲ್ಕೈದು ದಿನ ಹಳೆಯದು, ನೀರಿನಲ್ಲಿ ತೆಳ್ಳಗೆ ಮಾಡಿ ಚಿಮುಕಿಸುವುದು. ಇದನ್ನು ನಂಬುವುದೋ ಬಿಡುವುದೋ ಎಂದುಕೊಂಡಿದ್ದವನಿಗೆ ಬ್ರೆಜಿಲ್ ದೇಶದಿಂದ ಉತ್ತರ ಸಿಕ್ಕಿತು. ಅಲ್ಲಿನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿದಾಗ ಕುಂಬಳ ಜಾತಿಯ ಗಿಡದ ಬೂದಿರೋಗ ಚೆನ್ನಾಗಿ ತಗ್ಗಿತ್ತು. ಹಾಲು ಚೆಲ್ಲಲು ನಮ್ಮವರಿಗೆ ಮನಸ್ಸು ಬರಲಿಕ್ಕಿಲ್ಲ, ಮಜ್ಜಿಗೆಯಾದರೆ ಅಡ್ಡಿಯಿಲ್ಲ.

ಬೇವಿನ ವಿಷಯಕ್ಕೆ ಬರುತ್ತೇನೆ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಎಲ್ಲ ಹಸಿರನ್ನೂ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಹಸಿರಾಗಿ ನಿಂತದ್ದನ್ನು ಜರ್ಮನಿಯ ಹೈನ್ರಿಷ್ ಶ್ಮುಟರರ್ ಗಮನಿಸಿದರು. ಜಗತ್ತಿನ ವಿಜ್ಞಾನ ಬೇವಿನತ್ತ ತಿರುಗಿದ್ದರಲ್ಲಿ ಆ ನೋಟದ ಪಾಲು ದೊಡ್ಡದು. ಕಾಳಿನ ಡಬ್ಬಿಗೆ ಬೇವಿನೆಲೆ ಹಾಕಿಡುವ ನಮ್ಮ ಅಜ್ಜಿಯರಿಗೆ ಮಿಡತೆ ಬರುವವರೆಗೆ ಕಾಯಬೇಕಿರಲಿಲ್ಲ ಎಂಬುದು ಬೇರೆ ಮಾತು. ಬೇವಿನ ಹಣ್ಣು ಮುಂಗಾರಿನ ಹೊತ್ತಿಗೆ ಉದುರುತ್ತದೆ. ಆಯ್ದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿಟ್ಟರೆ ವರ್ಷದ ಸರಕು. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಹಿಂಡಿ ಸೋಸಿ, ಎಲೆಗೆ ಅಂಟಲು ಚೂರು ಸಾಬೂನು. ಶೇಕಡಾ 5ರ ಕಷಾಯ ಎಂದು ಕೃಷಿ ಪುಸ್ತಕಗಳು ಹೇಳುವುದು ಇದನ್ನೇ. ಹುಳು ತಕ್ಷಣ ಸಾಯುವುದಿಲ್ಲ. ತಿನ್ನುವುದು ಬಿಡುತ್ತದೆ, ಪೊರೆ ಬಿಡುವುದು ತಪ್ಪುತ್ತದೆ, ಮೂರ್ನಾಲ್ಕು ದಿನದಲ್ಲಿ ಸೊರಗುತ್ತದೆ. ಬಿಸಿಲಿಗೆ ಈ ಕಷಾಯದ ಸತ್ವ ಬೇಗ ಹೋಗುತ್ತದೆ, ಆದ್ದರಿಂದ ಸಂಜೆ ಹೊಡೆಯಬೇಕು.

ಇದನ್ನು ನಾನು ಕಲಿತದ್ದು ಕೆಡಿಸಿಕೊಂಡು. ಕೆಲವು ವರ್ಷದ ಹಿಂದೆ ನನ್ನ ಅವರೆ ಬಳ್ಳಿಗೆ ಹೇನು ಬಿದ್ದಾಗ ಬೇವಿನೆಣ್ಣೆಗೆ ಬಟ್ಟೆ ಒಗೆಯುವ ಪುಡಿ ಒಂದು ಚಮಚ ಹೆಚ್ಚೇ ಕಲಸಿ, ಭಾನುವಾರ ಬಿಡುವಿದೆಯೆಂದು ನಡುಮಧ್ಯಾಹ್ನ ಸಿಂಪಡಿಸಿದೆ. ಸಂಜೆಗೆ ಎಲೆಗಳ ಅಂಚು ಸುಟ್ಟು ಕಾಗದದಂತಾಯಿತು. ಹೇನು ಸತ್ತವು, ಬಳ್ಳಿಯೂ ಸತ್ತಿತು. ಸಹಜವಾದದ್ದೆಲ್ಲ ಸೌಮ್ಯ ಎಂಬ ನಂಬಿಕೆ ಅಂದಿಗೆ ಹೋಯಿತು. ಹೊಗೆಸೊಪ್ಪಿನ ಕಷಾಯವಂತೂ ಶುದ್ಧ ವಿಷ. ನಾಳೆ ಕಿತ್ತು ತಿನ್ನುವ ಸೊಪ್ಪಿನ ಹತ್ತಿರ ಅದನ್ನು ತರಲೇಬೇಡಿ.

ಹಿತ್ತಲ ಬೇಲಿ ದಾಟಿ ಹೊಲಕ್ಕೆ ಹೋದರೆ ಮಾತೇ ಬದಲಾಗುತ್ತದೆ. ನಮ್ಮ ಕಡೆ ರೈತರು ‘ಎಣ್ಣಿ ಹೊಡದೆ’ ಎನ್ನುತ್ತಾರೆ. ತೆಲುಗಿನಲ್ಲಿ ಅದಕ್ಕೆ ಮಂದು. ಕಾಯಿಲೆಯ ಔಷಧಿಯೂ ಮಂದು, ಹೆಂಡವೂ ಮಂದು, ಹೊಲಕ್ಕೆ ಹೊಡೆಯುವ ವಿಷವೂ ಮಂದು. ಆದವಾನಿ ಹತ್ತಿಯ ದೊಡ್ಡ ಮಾರುಕಟ್ಟೆ, ಈ ಸೀಮೆಯ ಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಗೂ ಹೋಗುತ್ತದೆ. ಎರಡೂ ಸಿಂಪಡಣೆಗೆ ಹೆಸರಾದ ಬೆಳೆಗಳು. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ಕಂಡ ಪರದೇಶದ ಕರಿ ಥ್ರಿಪ್ಸ್ 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ನುಂಗಿತು. ಒಂದು ಮಿಲಿಮೀಟರ್ ಉದ್ದದ ಹುಳು ಹೂವಿನೊಳಗೆ ಗುಂಪಾಗಿ ಕೂತು ರಸ ಹೀರುತ್ತದೆ, ಹೂವು ಕಾಯಿ ಕಟ್ಟದೆ ಉದುರುತ್ತದೆ. ಹೊಡೆದಷ್ಟೂ ಜಗ್ಗಲಿಲ್ಲ. ಅಂಥ ಹೊತ್ತಿನಲ್ಲಿ ಹತ್ತು ಎಕರೆಯವನ ಮುಂದೆ ನಿಂತು ಬೂದಿ ಉದುರಿಸು, ಬೆರಳಲ್ಲಿ ಚಿವುಟು ಎನ್ನುವುದು ಅವಮಾನ.

ಹೊಲದಲ್ಲೂ ಬೇರೆ ದಾರಿ ಹುಡುಕುವವರಿದ್ದಾರೆ. ಆಂಧ್ರ ಸರ್ಕಾರದ ರೈತು ಸಾಧಿಕಾರ ಸಂಸ್ಥೆ 2016ರಲ್ಲಿ ಶುರುಮಾಡಿದ ಪ್ರಕೃತಿ ಕೃಷಿ ಕಾರ್ಯಕ್ರಮ ಹೆಚ್ಚಾಗಿ ಹೆಂಗಸರ ಸ್ವಸಹಾಯ ಸಂಘಗಳ ಮೂಲಕ ನಡೆಯುತ್ತದೆ. 2024ರಲ್ಲಿ ಪೋರ್ಚುಗಲ್ ದೇಶದ ಗುಲ್ಬೆಂಕಿಯನ್ ಪ್ರಶಸ್ತಿಯ ಒಂದು ಪಾಲು ಇದಕ್ಕೆ ಬಂತು. ಸೆಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟಿನ ಜೀವಾಮೃತ, ಬೇವಿನೆಲೆಯ ನೀಮಾಸ್ತ್ರ, ಹೊಲದ ಸುತ್ತ ಜೋಳದ ಸಾಲು, ನಡುವೆ ಚೆಂಡುಹೂ. ಹೆಸರುಗಳಲ್ಲಿ ಅಸ್ತ್ರಗಳ ಆರ್ಭಟ ನನಗೆ ಸ್ವಲ್ಪ ಅತಿ ಎನಿಸುತ್ತದೆ. ಜೋಳದ ಸಾಲು, ಚೆಂಡುಹೂ ಮಾತ್ರ ಅತಿಯಲ್ಲ. ಟೊಮೆಟೊ ಕಾಯಿಕೊರಕ ಚೆಂಡುಹೂವಿಗೆ ಮರುಳಾಗಿ ಮೊಟ್ಟೆ ಅಲ್ಲಿಡುತ್ತದೆ. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ಎಂಬ ಲೆಕ್ಕ ಕೊಟ್ಟದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ.

ಅಜ್ಜಿಯ ಹಿತ್ತಲಲ್ಲಿ ಪಪ್ಪಾಯಿ ಮರವನ್ನೂ ನೋಡಿದೆ, ಮೈ ಶುಭ್ರವಾಗಿತ್ತು. 2008ರ ನಂತರ ತಮಿಳುನಾಡು, ಕರ್ನಾಟಕದ ಪಪ್ಪಾಯಿ ಗಿಡಗಳೆಲ್ಲ ಬಿಳಿ ಹಿಟ್ಟು ಮೆತ್ತಿದಂತಾದದ್ದು ನೆನಪಿರಬಹುದು. ಅದಕ್ಕೆ ಯಾವ ಎಣ್ಣೆಯೂ ನಾಟಲಿಲ್ಲ. ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿ, ಸಾಕಿ, ಹಂಚಿತು. ಕೆಲವೇ ತಿಂಗಳಲ್ಲಿ ಹಿಟ್ಟು ತಿಗಣೆ ಹತೋಟಿಗೆ ಬಂತು. ನಿಮ್ಮ ಹಿತ್ತಲಲ್ಲಿ ಇವತ್ತು ಪಪ್ಪಾಯಿ ಹಣ್ಣಾಗುತ್ತಿದ್ದರೆ ಅದರಲ್ಲಿ ಆ ಕಣಜದ ಪಾಲಿದೆ. ಸಿಕ್ಕಸಿಕ್ಕಲ್ಲಿ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಅದೇ.

ತುಳಸಿಕಟ್ಟೆಯ ಬಗ್ಗೆ ಒಂದು ಮಾತು, ಹೇಗೂ ದ್ವಾದಶಿ ಹತ್ತಿರವಿತ್ತಲ್ಲ. ತುಳಸಿ ಎಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ಪರಿಮಳಕ್ಕೆ ಮಾವಿನ ಹಣ್ಣುನೊಣದ ಗಂಡುಗಳು ಮುಗಿಬೀಳುತ್ತವೆ. ಅರೆದ ತುಳಸಿಯನ್ನು ತೂತು ಮಾಡಿದ ಬಾಟಲಿಯಲ್ಲಿ ಸ್ವಲ್ಪ ಸಾಬೂನು ನೀರಿನೊಂದಿಗೆ ತೂಗುಹಾಕಿದರೆ ಮಾವು, ಸೀಬೆಯ ಕಾಲದಲ್ಲಿ ಉಪಯೋಗ. ಹೀರೆ, ಹಾಗಲವನ್ನು ಚುಚ್ಚುವ ನೊಣ ಬೇರೆ ಜಾತಿ, ಅದು ಈ ವಾಸನೆಗೆ ಬರುವುದಿಲ್ಲ. ಅದಕ್ಕೆ ಎಳೆ ಹೀಚಿಗೇ ಹಳೇ ಪತ್ರಿಕೆಯ ಕೊಳವೆ ತೊಡಿಸಬೇಕು, ಚುಚ್ಚಿ ಸೊಟ್ಟಗಾದ ಕಾಯಿಗಳನ್ನು ಆಳವಾಗಿ ಹೂಳಬೇಕು. ಈ ವ್ಯತ್ಯಾಸ ತಿಳಿಯದೆ ಹೀರೆ ಚಪ್ಪರಕ್ಕೆ ತುಳಸಿ ಬಾಟಲಿ ಕಟ್ಟಿ, ಕೆಲಸ ಮಾಡಲಿಲ್ಲ ಎಂದು ದೂರುವವರೇ ಹೆಚ್ಚು.

ಆರಾಧನೆಯ ದಿನ ಮಧ್ಯಾಹ್ನ ನಾನು ಹಿಂದಿನ ಮನೆಯಲ್ಲಿ ಉಂಡೆ. ಅಲ್ಲಿ ಪುಂಡಿಪಲ್ಯ ಆಗುತ್ತಿತ್ತು. ಪುಂಡಿಗೆ ಹುಳು ಬೀಳುವುದು ಕಡಿಮೆ, ಬಿದ್ದರೂ ಯಾರೂ ಲೆಕ್ಕಕ್ಕಿಡುವುದಿಲ್ಲ. ತೂತು ಬಿದ್ದ ಎಲೆ ಬಿಸಾಡುತ್ತೀರಾ ಎಂದು ಕೇಳಿದ್ದಕ್ಕೆ ಮನೆಯಾಕೆ ನಕ್ಕು, ತೂತು ಬೇಯುತ್ತದೇನು ಎಂದರು. ಎಲೆ ಬಿಡಿಸಿ, ಮೂರು ನೀರಲ್ಲಿ ತೊಳೆದು, ಕುದಿಸಿ, ಹುಳಿ ಅತಿಯಾಗದಂತೆ ಒಂದಿಷ್ಟು ನೀರು ಬಸಿದರು. ಬೇರೆ ಪಾತ್ರೆಯಲ್ಲಿ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಬೆಂದಿದ್ದವು. ಎರಡನ್ನೂ ಸೇರಿಸಿ ಕಟ್ಟಿಗೆಯ ಕಡಗೋಲಿನಿಂದ ಮಸೆದು, ಉಪ್ಪು ಹಾಕಿ, ಮತ್ತೆ ಒಲೆಗಿಟ್ಟರು. ಕೊತಕೊತ ಗುಳ್ಳೆ ಒಡೆಯುವಾಗ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗುವವರೆಗೂ ಕಾದರು, ಅಲ್ಲಿ ಅವಸರ ಮಾಡಿದರೆ ರುಚಿ ಹೋಯಿತು. ಬಿಸಿ ರೊಟ್ಟಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮತ್ತೆ ಹೀರೆ ಸಿಪ್ಪೆಯ ಚಟ್ನಿ. ಆ ಸಿಪ್ಪೆಯನ್ನು ನಾವು ಪೇಟೆಯವರು ಚಟ್ನಿ ಮಾಡಲು ಹೆದರುವುದು ಅದರ ಮೇಲೆ ಏನು ಬಿದ್ದಿದೆಯೋ ಎಂದು. ಅವರ ಹಿತ್ತಲಲ್ಲಿ ಬಿದ್ದದ್ದು ಮಜ್ಜಿಗೆ, ಅದು ಅವರಿಗೆ ಗೊತ್ತಿದೆ.

ದ್ವಾದಶಿಯಂದು ತುಳಸಿಕಟ್ಟೆಯಲ್ಲಿ ನೆಲ್ಲಿಯ ಕೊಂಬೆ ನೆಟ್ಟು ದೀಪ ಹಚ್ಚಿದರು. ವ್ರತ ಮುಗಿದಿತ್ತು. ಅಜ್ಜಿ ಹಿತ್ತಲಿಗೆ ಹೋಗಿ ಒಂಬತ್ತು ಬದನೆಕಾಯಿ ಕಿತ್ತು ತಂದು, ಈಳಿಗೆಮಣೆಯ ಮುಂದೆ ಕೂತು ಒಂದೊಂದನ್ನೇ ನಾಲ್ಕಾಗಿ ಸೀಳಿ ಕಿಟಕಿಯ ಬೆಳಕಿಗೆ ಹಿಡಿದರು. ಎರಡರಲ್ಲಿ ಹುಳುವಿತ್ತು. ಏಳು ಎಣ್ಣೆಗಾಯಿಯಾದವು.